ಬೀದರ್‌ನಲ್ಲಿ ಒಂದು ರಾತ್ರಿ ಉಳಿಯಿರಿ

ಪ್ರಶ್ನೆ: ಬೆಂಗಳೂರಿಂದ ಇಬ್ಬರು ಗೆಳೆಯರು ಬೀದರ್‌ಗೆ ಹೊರಟಿದ್ದೇವೆ. ಕೈಯಲ್ಲಿ ದುಡ್ಡು ಕಮ್ಮಿ. ಹೈದರಾಬಾದ್‌ಗೆ ಹೋದಾಗ ಅಲ್ಲಿಂದ ಒಂದು ದಿನ ಹೋಗಿಬಂದರೆ ಸಾಕು ಅಂತಾರೆ. ನಿಜವಾ? ಅಲ್ಲಿ ಕನ್ನಡ ನಡೆಯುತ್ತಾ?

ಉತ್ತರ: ಸಾಕಾಗುವುದಿಲ್ಲ. ಒಂದು ದಿನಕ್ಕೆ ಬಂದವರು ಕೋಟೆ ಬಾಗಿಲಲ್ಲಿ ಫೋಟೋ ತೆಗೆಸಿಕೊಂಡು, ಬಿಸಿಲಿಗೆ ಸುಸ್ತಾಗಿ, ಸಂಜೆ ಬಸ್ ಹತ್ತುತ್ತಾರೆ. ಆಮೇಲೆ ಅಲ್ಲೇನೂ ಇಲ್ಲ ಅಂತಾರೆ. ಕೇಳಿದರೆ ಬೇಜಾರಾಗುತ್ತದೆ. ಬೆಂಗಳೂರಿಂದ ನೇರ ಬೀದರ್‌ಗೇ ರಾತ್ರಿ ರೈಲಿದೆ, ಸ್ಲೀಪರ್‌ನಲ್ಲಿ ಮಲಗಿ ಹೋಗಿ.

ಮೊದಲ ದಿನ ಕೋಟೆಗೆ ಕೊಡಿ. ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ಸುಮ್ನೆ ವಾಪಸ್ ಬರಬೇಡಿ, ಕೋಟೆಯೊಳಗಿನ ಪುರಾತತ್ವ ಕಚೇರಿಯಲ್ಲಿ ವಿಚಾರಿಸಿ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ. ಅಲ್ಲಿಂದ ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನನ ಮದರಸಾಗೆ ನಡೆದೇ ಹೋಗಬಹುದು. 1472ರಲ್ಲಿ ಕಟ್ಟಿದ್ದು. ಮುಂದಿನ ಎರಡು ಮಿನಾರುಗಳಲ್ಲಿ ಈಗ ಒಂದೇ ಉಳಿದಿದೆ, ಅದರ ಮೇಲೆ ಬಣ್ಣದ ಹೆಂಚುಗಳ ತುಣುಕುಗಳು ಇನ್ನೂ ಹೊಳೆಯುತ್ತವೆ.

ಊಟಕ್ಕೆ ಗುರುನಾನಕ್ ಝೀರಾ ಗುರುದ್ವಾರದ ಲಂಗರ್ ಇದೆ. ಯಾರು ಬಂದರೂ ಊಟ, ದುಡ್ಡು ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಉಂಡ ಮೇಲೆ ಪಾತ್ರೆ ತೊಳೆಯುವ ಕಡೆ ಸ್ವಲ್ಪ ಹೊತ್ತು ಕೈ ಹಾಕಿ. ರಾತ್ರಿಗೆ ಖಾನಾವಳಿಯ ಜೋಳದ ರೊಟ್ಟಿ ಇದ್ದೇ ಇದೆ.

ರಾತ್ರಿ ಉಳಿಯಿರಿ ಅಂದದ್ದು ಅಷ್ಟೂರಿಗಾಗಿ. ಊರಿಂದ ಸುಮಾರು 3 ಕಿಲೋಮೀಟರ್, ಬೆಳಿಗ್ಗೆ ತಂಪು ಹೊತ್ತಲ್ಲಿ ನಡೆದೇ ಹೋಗಬಹುದು. ಬಹಮನಿ ಸುಲ್ತಾನರ ಗುಮ್ಮಟಗಳು ಬಯಲಲ್ಲಿ ಸಾಲಾಗಿ ನಿಂತಿವೆ. ಒಂದಕ್ಕೆ ಸಿಡಿಲು ಬಡಿದು ಅರ್ಧ ಬಿದ್ದಿದೆ, ಉಳಿದರ್ಧ ಹಾಗೇ ಇದೆ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಅಹ್ಮದ್ ಶಾ ವಲಿಯ ಗೋರಿಯೂ ಇಲ್ಲೇ. ಒಳಗೆ ಕತ್ತಲು. ನಾನು ಹೋದಾಗ ಅದನ್ನು ನೋಡಿಕೊಳ್ಳುವ ಹಿರಿಯರು ಬಾಗಿಲ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿದರು, ಬೆಳಕು ಸರಿದಂತೆಲ್ಲ ಗೋಡೆ ಮೇಲಿನ ಕೆಂಪು ಬಣ್ಣ, ಬಂಗಾರದ ಅಕ್ಷರ, ಬಳ್ಳಿಗಳು ಒಂದೊಂದೇ ಕಾಣುತ್ತಾ ಹೋದವು. ಇಲ್ಲಿನ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ, ಜಂಗಮರೊಬ್ಬರು ಬಂದು ಪೂಜೆ ನಡೆಸುತ್ತಾರೆ. ಬರೀ ಇದೊಂದಕ್ಕೆ ಬೇಕಾದರೂ ಬೀದರ್‌ಗೆ ಹೋಗಬಹುದು ಅಂತ ನನ್ನ ಅನಿಸಿಕೆ.

ಭಾಷೆಯ ಚಿಂತೆ ಬೇಡ. ಕನ್ನಡ ನಡೆಯುತ್ತದೆ. ಉರ್ದು, ಮರಾಠಿ, ತೆಲುಗು ಕೂಡ ಕಿವಿಗೆ ಬೀಳುತ್ತವೆ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರು ಅಲ್ವಾ. ಏಪ್ರಿಲ್, ಮೇ ಬಿಟ್ಟು ಹೋಗಿ.

ಪ್ರಶ್ನೆ: ಬೀದರ್‌ನ ಬಿದ್ರಿ ಸಾಮಾನು, ಅದೇ ಬೆಳ್ಳಿ ಕೂರಿಸಿದ ಕಪ್ಪು ಲೋಹದ್ದು, ಬೆಲೆ ಜಾಸ್ತಿ. ಚೌಕಾಸಿ ಮಾಡಬಹುದಾ?

ಉತ್ತರ: ಮಾಡುವ ಮೊದಲು ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚು ಹಾಕುತ್ತಾರೆ, ಉಳಿಯಿಂದ ಗೆರೆ ಕೊರೆದು, ಕೂದಲಿನಂಥ ಬೆಳ್ಳಿ ತಂತಿಯನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೊನೆಗೆ ಹಳೇ ಕೋಟೆಯ ಮಣ್ಣು, ನವಸಾಗರ ಅನ್ನುವ ಲವಣ ಹಾಕಿದ ಬಿಸಿ ನೀರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ದಿನಗಟ್ಟಲೆ ಕೂತು ಮಾಡಿದ್ದಕ್ಕೆ ಬೆಲೆ ಕಡಿಮೆ ಮಾಡಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಹೂದಾನಿಗೆ ದುಡ್ಡು ಸಾಲದಿದ್ದರೆ ಒಂದು ಕೀ ಚೈನ್ ತೆಗೆದುಕೊಳ್ಳಿ, ಆದರೆ ಮಾಡಿದವರ ಕೈಯಿಂದಲೇ ತೆಗೆದುಕೊಳ್ಳಿ.