ಆಪ್ತಸಲಹೆ ಪ್ರಕರಣ: ಫೋನ್ ಎತ್ತದ ಇಂಜಿನಿಯರ್

ಬಳ್ಳಾರಿಯ ನನ್ನ ಕೋಣೆಗೆ ಮೊದಲು ಬಂದವರು ತಂದೆ. ಮಾನ್ವಿ ತಾಲ್ಲೂಕಿನ ಭತ್ತದ ರೈತರು. ಅವರ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. "ಮಗ ಕೆನಡಾದಲ್ಲಿ ಇಂಜಿನಿಯರ್, ಮೇಡಂ. ಒಂದು ತಿಂಗಳಿಂದ ಫೋನ್ ಎತ್ತುತ್ತಿಲ್ಲ, ಮೆಸೇಜ್ ಮಾತ್ರ ಹಾಕುತ್ತಾನೆ. ನೀವಾದರೂ ಮಾತಾಡಿ ನೋಡಿ" ಎಂದರು. ಮಗ ಒಪ್ಪಿದರೆ ಮಾತ್ರ ಮಾತಾಡುತ್ತೇನೆ, ಅವನು ಹೇಳಿದ್ದನ್ನು ನಿಮಗೆ ತಿಳಿಸುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ" ಎಂದರು.

ಮಗನನ್ನು ಇಲ್ಲಿ ಶರಣು ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಗುರುತು ಸಿಗಬಹುದಾದ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 27. ಮೆಕ್ಯಾನಿಕಲ್ ಬಿ.ಇ. ಮುಗಿಸಿ, ತೋರಣಗಲ್ಲು ಕಡೆಯ ಒಂದು ಕಾರ್ಖಾನೆಯ ಯಂತ್ರ ನಿರ್ವಹಣಾ (ಮೇಂಟೆನೆನ್ಸ್) ವಿಭಾಗದಲ್ಲಿ 28 ತಿಂಗಳು ದುಡಿದಿದ್ದ. 2023ರಲ್ಲಿ ಒಂಟಾರಿಯೊಗೆ ಹೋಗಿ 16 ತಿಂಗಳ ಸ್ನಾತಕೋತ್ತರ ಕೋರ್ಸ್ ಮುಗಿಸಿದ. ನಮ್ಮ ಮಾತುಕತೆ ವಿಡಿಯೊ ಕರೆಯಲ್ಲಿ, ಇಲ್ಲಿನ ಬೆಳಗ್ಗೆ ಏಳಕ್ಕೆ. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟೂವರೆ. ಹತ್ತು ಗಂಟೆಗೆ ಅವನು ಗೋದಾಮಿನಲ್ಲಿ ಪೆಟ್ಟಿಗೆ ಹೊರಲು ಹೊರಡಬೇಕು.

ಅಪ್ಪನಿಗೆ ಗೊತ್ತಿಲ್ಲದ್ದು ಇದೇ. ವಿನ್ಯಾಸದ ಕೆಲಸಗಳಿಗೆ ಇನ್ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದ, ಒಂದೂ ಕೈಗೂಡಿರಲಿಲ್ಲ. "ಕಂಪನಿಯಲ್ಲಿದ್ದೇನೆ" ಎಂದು ಹೇಳಿಬಿಟ್ಟಿದ್ದ. ಈಗ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ಗೆ, ಅಂದರೆ ಜನ, ಸಮಯ, ಸಾಮಗ್ರಿ ಹೊಂದಿಸಿ ಒಂದು ಯೋಜನೆಯನ್ನು ಮುಗಿಸುವ ಕೆಲಸಕ್ಕೆ, ಬದಲಾಗುವ ಆಸೆ. ಅದಕ್ಕಾಗಿ ಕಾಲೇಜೊಂದರಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್‌ಗೆ ಸೇರಲು ಏಜೆಂಟರೊಬ್ಬರು ಒತ್ತಾಯಿಸುತ್ತಿದ್ದರು. ಶುಲ್ಕಕ್ಕೆ ಹೊಲವನ್ನು ಮತ್ತೆ ಅಡವಿಡಬೇಕು. ಹಾಗೆಂದು ಅಪ್ಪನನ್ನು ಕೇಳುವ ಧೈರ್ಯವಿಲ್ಲದೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಮೊದಲ ಎರಡು ಭೇಟಿಗಳನ್ನು ಪೂರ್ತಿ ಅಪ್ಪ-ಮಗನ ಸಂಬಂಧಕ್ಕೇ ಕೊಟ್ಟೆ. ಹಗಲು ನಿದ್ರೆ, ಹಸಿವಿಲ್ಲದಿರುವುದು, ಯಾರೊಂದಿಗೂ ಬೆರೆಯದಿರುವುದು ಕಂಡು ಖಿನ್ನತೆ ಇರಬಹುದೆಂದು ಪ್ರಶ್ನಾವಳಿ ತೆಗೆದೆ. ರಾತ್ರಿ ಪಾಳಿ ಮಾಡುವವನು ಹಗಲಲ್ಲದೆ ಇನ್ನು ಯಾವಾಗ ಮಲಗಬೇಕು? ಮೂರನೆಯ ಭೇಟಿಯಲ್ಲಿ, ಅದೂ ಮಾತು ಮುಂದುವರಿಸಲು ಬೇರೇನೂ ತೋಚದೆ, "ತೋರಣಗಲ್ಲಿನಲ್ಲಿ ದಿನವಿಡೀ ಏನು ಮಾಡುತ್ತಿದ್ದೆ?" ಎಂದು ಕೇಳಿದೆ.

ಅವನ ದನಿಯೇ ಬದಲಾಯಿತು. ದುರಸ್ತಿಗಾಗಿ ಯಂತ್ರಗಳನ್ನು ನಿಲ್ಲಿಸುವ ಒಂದು ಶಟ್‌ಡೌನ್‌ನ ಕಥೆ ಹೇಳಿದ. ಕನ್ವೇಯರ್ ಬೆಲ್ಟ್ ಮತ್ತು ಗೇರ್‌ಬಾಕ್ಸ್ ಬದಲಿಸಲು ಒಂಬತ್ತು ದಿನ ಸಿಕ್ಕಿತ್ತು. ಮೂವರು ಗುತ್ತಿಗೆದಾರರು, ಅರವತ್ತು ಜನ ಕೂಲಿಗಳು, ಇದ್ದ ಕ್ರೇನ್ ಒಂದೇ. ಯಾವ ಕೆಲಸ ಮುಗಿಯದೆ ಯಾವುದು ಶುರುವಾಗಬಾರದು ಎಂಬ ಪಟ್ಟಿ, ಪ್ರತಿ ಪಾಳಿಗೂ ಪರ್ಮಿಟ್, ಬರಬೇಕಾದ ಬೇರಿಂಗ್ ಬಾರದಿದ್ದಾಗ ಕ್ರೇನನ್ನು ಪಕ್ಕದ ತಂಡಕ್ಕೆ ಕೊಟ್ಟು ಒಂದು ದಿನ ಉಳಿಸಿದ್ದು. ಇಪ್ಪತ್ತು ನಿಮಿಷ ನಾನು ಬಾಯಿ ತೆರೆಯಲಿಲ್ಲ.

"ಇದನ್ನು ರೆಸ್ಯುಮೆಯಲ್ಲಿ ಹೇಗೆ ಬರೆದಿದ್ದೀಯ?"

"ನಿರ್ವಹಣಾ ಇಂಜಿನಿಯರ್, 28 ತಿಂಗಳು ಎಂದು, ಮೇಡಂ."

ನಾನು ವೀಸಾ ಸಲಹೆಗಾರ್ತಿಯಲ್ಲ. ಆದರೂ ಕೆನಡಾದ ವಲಸೆ ಇಲಾಖೆಯ ಅಧಿಕೃತ ನಿಯಮಗಳನ್ನು ಇಬ್ಬರೂ ಕುಳಿತು ಓದಿದೆವು. ಓದು ಮುಗಿದ ಮೇಲೆ ಸಿಗುವ ಕೆಲಸದ ಪರವಾನಗಿಯನ್ನು ಅಲ್ಲಿ ಜೀವನದಲ್ಲಿ ಒಮ್ಮೆ ಮಾತ್ರ ಕೊಡುತ್ತಾರೆ. ಅವನಿಗೆ ಅದು ಮೂರು ವರ್ಷಕ್ಕೆ ಸಿಕ್ಕಿದೆ. ಹೊಸ ಕೋರ್ಸ್ ಸೇರಿದರೆ ಅದರ ಅವಧಿ ನಿಂತು ಕಾಯುವುದಿಲ್ಲ, ಕೋರ್ಸ್ ಮುಗಿಸಿದರೆ ಇನ್ನೊಂದು ಸಿಗುವುದೂ ಇಲ್ಲ. ಅಂದರೆ ಸಾಲವನ್ನೂ ಮಾಡಿ, ಪರವಾನಗಿಯಲ್ಲಿ ಉಳಿದ ಕಾಲವನ್ನೂ ಕಳೆದುಕೊಂಡಂತೆ. ಏಜೆಂಟರು ಈ ಮಾತನ್ನು ಎತ್ತಿಯೇ ಇರಲಿಲ್ಲ. ಅಂತಿಮ ನಿರ್ಧಾರಕ್ಕೆ ಮೊದಲು ಪರವಾನಗಿ ಇರುವ ವಲಸೆ ಸಲಹೆಗಾರರನ್ನು ಕೇಳು ಎಂದೆ.

ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೇ ನೇರವಾಗಿ ಅರ್ಜಿ ಹಾಕುವುದನ್ನು ನಿಲ್ಲಿಸಲು ಹೇಳಿದೆ. ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಕೊಡುವ ಪಿಎಂಪಿ ಪ್ರಮಾಣಪತ್ರಕ್ಕೆ ಪದವೀಧರರಿಗೆ ಯೋಜನೆಗಳನ್ನು ಮುನ್ನಡೆಸಿದ 36 ತಿಂಗಳ ಅನುಭವ ಬೇಕು, 35 ಗಂಟೆಗಳ ತರಬೇತಿಯೂ ಬೇಕು. ಅವನ 28 ತಿಂಗಳಲ್ಲಿ ಎಲ್ಲವೂ ಲೆಕ್ಕಕ್ಕೆ ಬರುವುದಿಲ್ಲ. ಅದೇ ಕ್ಷೇತ್ರದ ಸಿಎಪಿಎಂ ಎಂಬ ಆರಂಭಿಕ ಪರೀಕ್ಷೆಗೆ ಅನುಭವ ಬೇಡ, 23 ಗಂಟೆಗಳ ತರಬೇತಿ ಸಾಕು. ಗೋದಾಮಿನ ಕೆಲಸ ಬಿಡದೆ ಅದನ್ನು ಬರೆಯಬಹುದು. ಹುಡುಕಬೇಕಾದದ್ದು ಪ್ಲ್ಯಾನರ್, ಶೆಡ್ಯೂಲರ್, ಪ್ರಾಜೆಕ್ಟ್ ಕೋಆರ್ಡಿನೇಟರ್ ಹುದ್ದೆಗಳನ್ನು. ಅದೂ ಟೊರೊಂಟೊ ಒಂದರಲ್ಲೇ ಏಕೆ? ಅದೇ ಪ್ರಾಂತ್ಯದ ಹ್ಯಾಮಿಲ್ಟನ್ ಉಕ್ಕಿನ ಊರು, ಸಡ್‌ಬರಿ ನಿಕಲ್ ಗಣಿಗಳ ಊರು. ಸಂಡೂರಿನ ಅದಿರಿನ ಧೂಳು ಕುಡಿದು ಬೆಳೆದ ಉದ್ಯಮದಲ್ಲಿ ಪಳಗಿದ ಹುಡುಗ ಈ ಎರಡು ಊರುಗಳಿಗೆ ಒಂದೂ ಅರ್ಜಿ ಕಳುಹಿಸಿರಲಿಲ್ಲ. ಶಟ್‌ಡೌನ್‌ನ ಕಥೆಯನ್ನು ದಿನ, ಜನ, ಉಳಿಸಿದ ಸಮಯದ ಲೆಕ್ಕದೊಂದಿಗೆ ಆರು ಸಾಲಿನಲ್ಲಿ ಬರೆದು ತಾ ಎಂದೆ. ಮೂರು ಸಲ ತಿದ್ದಿಸಿದೆ.

ಅಪ್ಪನಿಗೆ ಹೇಳುವುದು ಇದಕ್ಕಿಂತ ಕಷ್ಟವಿತ್ತು. ಕೆಲಸ ಸಿಕ್ಕ ಮೇಲೆ ಹೇಳುತ್ತೇನೆ ಎಂದು ಹಟ ಹಿಡಿದ. ಸಿಗುವವರೆಗೆ ಇನ್ನೆಷ್ಟು ಸುಳ್ಳು ಹೇಳಬೇಕು, ಅದನ್ನೂ ಲೆಕ್ಕ ಹಾಕು ಎಂದೆ. ಎರಡು ವಾರದ ನಂತರ ಮೂವರೂ ಒಂದೇ ಕರೆಯಲ್ಲಿ ಕುಳಿತೆವು. ಗೋದಾಮಿನ ವಿಷಯ ಕೇಳಿ ತಂದೆ ಬಯ್ಯಲಿಲ್ಲ. "ರಾತ್ರಿ ಊಟ ಎಷ್ಟೊತ್ತಿಗೆ ಮಾಡುತ್ತೀ?" ಎಂದರು. ಶರಣು ಕ್ಯಾಮೆರಾ ಆರಿಸಿದ. ನಾವು ಕಾದೆವು.

ಇಂಜಿನಿಯರಿಂಗ್ ಬಿಟ್ಟು ಏನು ಮಾಡುತ್ತಾನೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನು ನೆನಪಿಸಿದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಪರಿಣತಿ ಒಂದು ಕಡೆ. ಹೋದ ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ತಯಾರಿಸುವವರು, ಕ್ರೇನಿನವರು, ನೀರಿನ ಮಟ್ಟ ನೋಡುವವರು ಹೊತ್ತಿಗೆ ಸರಿಯಾಗಿ ಕೂಡದಿದ್ದರೆ ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ಅದನ್ನು ಇಳಿಸಲು ಆಗುತ್ತಿತ್ತೇ ಎಂದೆ. ತಂದೆ ಯೋಚಿಸಿದರು.

"ನಮ್ಮ ಕಾಲುವೆಯ ಗ್ಯಾಂಗ್‌ಮನ್ ಇದ್ದ ಹಾಗೆ. ತಾನು ನೇಗಿಲು ಹಿಡಿಯುವುದಿಲ್ಲ, ಅವನು ನೆಟ್ಟಗಿಲ್ಲದಿದ್ದರೆ ಕೊನೆಯ ಹೊಲಕ್ಕೆ ನೀರು ಬರುವುದಿಲ್ಲ."

"ಹೌದಪ್ಪಾ, ಅದೇ."

"ಮತ್ತೆ ಅದಕ್ಕೆ ಕೆನಡಾಕ್ಕೆ ಏಕೆ ಹೋಗಬೇಕಿತ್ತು?"

ಶರಣು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹ್ಯಾಮಿಲ್ಟನ್‌ನ ಒಂದು ಕಂಪನಿಯಿಂದ ಅವನಿಗೆ ಎರಡನೆಯ ಸಂದರ್ಶನದ ಕರೆ ಬಂದಿದೆ. ಊರಿನಲ್ಲಿ ತಂದೆ ಈಗಲೂ ಮಗನನ್ನು ಇಂಜಿನಿಯರ್ ಎಂದೇ ಹೇಳುತ್ತಾರಂತೆ.