ಓದುಗರ ಪ್ರಶ್ನೆ: ನಷ್ಟವನ್ನು ಯಾರ ಖಾತೆಗೆ ಬರೆಯುವುದು?

ಪ್ರಶ್ನೆ: ಕಾಲೇಜು ಓದುತ್ತಿರುವ ನನ್ನ ಮಗನಿಗೂ ನನಗೂ ಊಟಕ್ಕೆ ಕೂತಾಗಲೆಲ್ಲ ಒಂದೇ ವಾದ. ಲಾಭ, ಪೈಪೋಟಿ ಇರುವಲ್ಲಿ ಸಮಾಜವಾದ ಇರಲಾರದು ಎನ್ನುತ್ತಾನೆ ಅವನು. ಕಾರ್ಖಾನೆ ದುಡಿಯುವವರ ಕೈಯಲ್ಲಿದ್ದು ಸರಕು ಮಾರುಕಟ್ಟೆಯಲ್ಲಿ ಮಾರಾಟವಾದರೆ ತಪ್ಪೇನು ಎನ್ನುತ್ತೇನೆ ನಾನು. ಇದನ್ನು ಎಲ್ಲಾದರೂ ಮಾಡಿ ನೋಡಿದ್ದಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗ ಒಡೆದುಹೋಗಿರುವ ಯುಗೊಸ್ಲಾವಿಯ ಎಂಬ ಇಡೀ ದೇಶ ಸುಮಾರು 40 ವರ್ಷ ಮಾಡಿ ನೋಡಿತು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಸಮಾಜವಾದಕ್ಕೂ ಮಾರುಕಟ್ಟೆಗೂ ಸರಕಿನ ವಿಷಯದಲ್ಲಿ ಹೊಂದಾಣಿಕೆ ಸಾಧ್ಯ, ಅಲ್ಲಿಯವರೆಗೆ ನೀವು ಹೇಳುವುದು ಸರಿ. ಬಂಡವಾಳದ ವಿಷಯಕ್ಕೆ ಬಂದಾಗ ನಿಮ್ಮ ಮಗನ ಅನುಮಾನಕ್ಕೂ ಬೆಲೆ ಕೊಡಬೇಕಾಗುತ್ತದೆ. ನಾನು ಸರ್ಕಾರಿ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಹಾಗಾಗಿ ಯಾವ ವ್ಯವಸ್ಥೆಯನ್ನು ನೋಡಿದರೂ ನಷ್ಟವಾದ ದಿನ ಅದನ್ನು ಯಾರ ಖಾತೆಗೆ ಬರೆಯುತ್ತಾರೆ ಎಂದೇ ನಾನು ಮೊದಲು ಕೇಳುವುದು.

ಪಂಡಿತರ ವಾದ ಹಳೆಯದು. ಮಾರುಕಟ್ಟೆಯ ಬೆಲೆಯಿಲ್ಲದೆ ಸಮಾಜವಾದಿ ದೇಶ ಲೆಕ್ಕವನ್ನೇ ಹಾಕಲಾರದು ಎಂದು ಆಸ್ಟ್ರಿಯದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮಿಸೆಸ್ 1920ರಲ್ಲಿ ಬರೆದರು. ಯೋಜನಾ ಮಂಡಳಿಯೇ ಬೆಲೆ ನಿಗದಿ ಮಾಡಿ, ಸರಕು ಮಿಕ್ಕರೆ ಇಳಿಸಿ, ಸಾಲದಿದ್ದರೆ ಏರಿಸಿ ಸರಿದೂಗಿಸಬಹುದು ಎಂದು ಪೋಲೆಂಡಿನ ಆಸ್ಕರ್ ಲಾಂಗೆ 1930ರ ದಶಕದಲ್ಲಿ ಉತ್ತರ ಕೊಟ್ಟರು. ಇದೇ ಲಾಂಗೆ 1950ರ ದಶಕದ ಮಧ್ಯದಲ್ಲಿ ನಮ್ಮ ದೇಶಕ್ಕೂ ಸಲಹೆಗಾರರಾಗಿ ಬಂದಿದ್ದರು. ಇವರೆಲ್ಲರ ಚರ್ಚೆ ಬೆಲೆಯ ಸುತ್ತಲೇ ಹೆಚ್ಚು ತಿರುಗಿತು. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ.

ಸೋವಿಯತ್ ನಾಯಕ ಸ್ಟಾಲಿನ್ ಜೊತೆ 1948ರಲ್ಲಿ ಮುರಿದುಕೊಂಡ ಮೇಲೆ ಯುಗೊಸ್ಲಾವಿಯದ ಟಿಟೊ ಸರ್ಕಾರ 1950ರ ಜೂನ್‌ನಲ್ಲಿ ಒಂದು ಕಾನೂನು ತಂದಿತು. ಕಾರ್ಖಾನೆಗೊಂದು ಕಾರ್ಮಿಕರ ಮಂಡಳಿ, ಅದನ್ನು ಚುನಾಯಿಸುವವರು ಅಲ್ಲಿ ದುಡಿಯುವವರೇ. ಆಸ್ತಿ ಸಮಾಜದ್ದು, ನಡೆಸುವವರು ಕಾರ್ಮಿಕರು, ಮಾರುವುದು ಮಾರುಕಟ್ಟೆಯಲ್ಲಿ. 1965ರ ಸುಧಾರಣೆಯ ನಂತರ ಮಾರುಕಟ್ಟೆಗೆ ಬಾಗಿಲು ಇನ್ನೂ ತೆರೆಯಿತು. ಇದನ್ನು ಹಗುರವಾಗಿ ನೋಡಬಾರದು. ಹಿಂದುಳಿದ ರೈತರ ನಾಡು ಒಂದು ತಲೆಮಾರಿನಲ್ಲಿ ಕೈಗಾರಿಕಾ ದೇಶವಾಯಿತು. ಪಕ್ಕದ ಕಮ್ಯುನಿಸ್ಟ್ ದೇಶಗಳ ಜನ ಗಡಿ ದಾಟಲು ಪರದಾಡುತ್ತಿದ್ದಾಗ ಇಲ್ಲಿನವರು ಪಾಸ್‌ಪೋರ್ಟ್ ಹಿಡಿದು ಹೋಗಿ ಬರುತ್ತಿದ್ದರು.

ಆದರೆ ಕೆಲಸ? ಅದೇ ದೇಶದೊಳಗಿನ ಸ್ಲೊವೇನಿಯದಲ್ಲಿ ಕೈ ಖಾಲಿ ಇದ್ದವರು ಕಡಿಮೆ, ಕೊಸೊವೊದಲ್ಲಿ ವಿಪರೀತ. 1968ರಲ್ಲಿ ಪಶ್ಚಿಮ ಜರ್ಮನಿಯ ಜೊತೆ ಒಪ್ಪಂದವಾಗಿ ಲಕ್ಷಾಂತರ ಜನ ಅಲ್ಲಿನ ಬಂಡವಾಳಶಾಹಿ ಕಾರ್ಖಾನೆಗಳಿಗೆ ದುಡಿಯಲು ಹೋದರು. ಇದರ ಕಾರಣ ಅರ್ಥಶಾಸ್ತ್ರಜ್ಞ ಬೆಂಜಮಿನ್ ವಾರ್ಡ್‌ಗೆ 1958ರಲ್ಲೇ ಹೊಳೆದಿತ್ತು. ಗಳಿಕೆಯನ್ನು ಒಳಗಿರುವವರೇ ಹಂಚಿಕೊಳ್ಳುವುದಾದರೆ, ಹೊಸಬನನ್ನು ಸೇರಿಸಿಕೊಂಡಷ್ಟೂ ತಲಾ ಪಾಲು ಕಡಿಮೆಯಾಗುತ್ತದೆ. ಜೊತೆಗೆ ಇನ್ನೊಂದು. ಕೆಲಸ ಬಿಟ್ಟ ದಿನ ಕಾರ್ಮಿಕನಿಗೆ ಆ ಕಾರ್ಖಾನೆಯಲ್ಲಿ ಚಿಕ್ಕಾಸಿನ ಪಾಲೂ ಇಲ್ಲ. ಹಾಗಿದ್ದಾಗ ಈ ವರ್ಷದ ಲಾಭವನ್ನು ಹೊಸ ಯಂತ್ರಕ್ಕೆ ಹಾಕಿ ಎಂದರೆ ನಿವೃತ್ತಿಯ ಅಂಚಿನಲ್ಲಿರುವವನು ಯಾಕೆ ಕೈ ಎತ್ತಬೇಕು? ಲಾಭ ಸಂಬಳಕ್ಕೆ ಹೋಯಿತು, ಯಂತ್ರಕ್ಕೆ ಬ್ಯಾಂಕಿನ ಸಾಲ ಬಂತು.

ಬ್ಯಾಂಕ್ ಎಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಅಲ್ಲಿ ಬ್ಯಾಂಕುಗಳನ್ನು ಸ್ಥಾಪಿಸಿ ನಡೆಸುತ್ತಿದ್ದವು ಸಾಲ ಪಡೆಯುವ ಉದ್ಯಮಗಳೇ. ಬಡ್ಡಿಗಿಂತ ಹಣದುಬ್ಬರ ಹೆಚ್ಚು, ಅಂದರೆ ಸಾಲ ಪಡೆದವನಿಗೇ ಲಾಭ. 1987ರಲ್ಲಿ ಬೋಸ್ನಿಯದ ಅಗ್ರೊಕೊಮೆರ್ಕ್ ಎಂಬ ಆಹಾರೋದ್ಯಮ, ಬೆನ್ನಿಗೆ ಹಣವೇ ಇಲ್ಲದ ಪ್ರಾಮಿಸರಿ ನೋಟುಗಳನ್ನು, ಅಂದರೆ ಹಣ ಕೊಡುತ್ತೇವೆಂಬ ವಾಗ್ದಾನದ ಪತ್ರಗಳನ್ನು, ರಾಶಿರಾಶಿಯಾಗಿ ಹೊರಡಿಸಿದ್ದು ಬಯಲಾಯಿತು. ಅವುಗಳಿಗೆ ಸ್ಥಳೀಯ ಬ್ಯಾಂಕಿನ ಮೊಹರಿತ್ತು! ಅಷ್ಟರಲ್ಲಿ ದೇಶದ ವಿದೇಶಿ ಸಾಲ ಸುಮಾರು 2,000 ಕೋಟಿ ಡಾಲರ್ ಮುಟ್ಟಿತ್ತು. 1989ರಲ್ಲಿ ಬೆಲೆಗಳು ವರ್ಷದೊಳಗೆ ಹತ್ತು ಪಟ್ಟು ಮೀರಿದವು. ದೇಶ ಒಡೆದದ್ದಕ್ಕೆ ರಾಷ್ಟ್ರೀಯತೆಗಳ ದ್ವೇಷ ದೊಡ್ಡ ಕಾರಣ, ಎಲ್ಲವನ್ನೂ ಅರ್ಥವ್ಯವಸ್ಥೆಯ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಖಾಲಿ ಜೇಬು ಆ ದ್ವೇಷಕ್ಕೆ ಎಣ್ಣೆ ಸುರಿಯಿತು.

ಕಮ್ಯುನಿಸ್ಟ್ ಹಂಗೆರಿಯೂ 1968ರ ಜನವರಿಯಿಂದ ಯೋಜನೆಯ ಕಡ್ಡಾಯ ಗುರಿಗಳನ್ನು ಕೈಬಿಟ್ಟು ಲಾಭದ ಲೆಕ್ಕಕ್ಕೆ ಹೊರಳಿತ್ತು. ಅಲ್ಲಿನ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನೈ ಅದನ್ನು ಹತ್ತಿರದಿಂದ ನೋಡಿ ಒಂದು ರೋಗ ಗುರುತಿಸಿದರು. ನಷ್ಟದ ಕಾರ್ಖಾನೆಯನ್ನು ಸರ್ಕಾರ ಹೇಗಾದರೂ ಎತ್ತಿ ಹಿಡಿಯುತ್ತದೆ, ಲಾಭ ಮಾಡಿದವನಿಂದ ಕಿತ್ತು ಅದಕ್ಕೆ ಕೊಡುತ್ತದೆ. ಇದು ಗೊತ್ತಿದ್ದ ಮ್ಯಾನೇಜರಿಗೆ ಗಿರಾಕಿಯ ಮುಖ ನೋಡುವುದಕ್ಕಿಂತ ಸಚಿವಾಲಯದ ಮೆಟ್ಟಿಲು ಹತ್ತುವುದೇ ಮುಖ್ಯ.

ಇದನ್ನು ಓದಿದಾಗ ನನಗೆ ನಮ್ಮ ಶಾಖೆಯ ಒಂದು ಫೈಲು ಕಣ್ಣಿಗೆ ಕಟ್ಟಿತು. ಅದೊಂದು ಸರ್ಕಾರಿ ಕಾರ್ಖಾನೆ, ಹೆಸರು ಬೇಡ. ಪ್ರತಿ ಮಾರ್ಚ್‌ನಲ್ಲೂ ಅದರ ಕ್ಯಾಶ್ ಕ್ರೆಡಿಟ್ ಖಾತೆಯ ಮಿತಿ ಏರಿಸಬೇಕು, ಹಳೆಯ ಬಡ್ಡಿಗೆ ಹೊಸ ಸಾಲವನ್ನೇ ಜಮಾ ಮಾಡಬೇಕು, ಮೇಲಿನಿಂದ ಫೋನು ಬರುತ್ತಿತ್ತು. ಅದೇ ವಾರ ಅದೇ ಮೇಜಿನ ಮೇಲೆ ಪವರ್‌ಲೂಮ್ ಹಾಕಲು ಸಾಲ ಕೇಳಿದ ನೇಕಾರರ ಅರ್ಜಿಗಳು ಇರುತ್ತಿದ್ದವು, ಜಾಮೀನು ಸಾಲದೆಂದು ವಾಪಸು ಹೋಗುತ್ತಿದ್ದವು. ಆ ಕಾರ್ಖಾನೆಯ ಕಾರ್ಮಿಕರ ಮೇಲೆ ನನಗೆ ಕೋಪವಿರಲಿಲ್ಲ. ಗೇಟು ಮುಚ್ಚಿದರೆ ಅವರ ಮಕ್ಕಳ ಶಾಲೆ, ಕ್ವಾರ್ಟರ್ಸು, ಆಸ್ಪತ್ರೆ ಎಲ್ಲವೂ ಹೋಗುತ್ತಿದ್ದವು. ಅದಕ್ಕೇ ಯಾರಿಗೂ ಮುಚ್ಚಿ ಎನ್ನಲು ಬಾಯಿ ಬರುತ್ತಿರಲಿಲ್ಲ.

ಹಾಗಾಗಿ ನಿಮಗೂ ನಿಮ್ಮ ಮಗನಿಗೂ ನನ್ನ ಅಭಿಪ್ರಾಯ ಇದು: ಕಾರ್ಖಾನೆ ಮುಳುಗಲು ಬಿಡಬೇಕು, ಅದರೊಳಗಿನ ಮನುಷ್ಯ ಮುಳುಗಲು ಬಿಡಬಾರದು. ಈ ಎರಡನ್ನೂ ಒಟ್ಟಿಗೆ ಮಾಡುವ ವ್ಯವಸ್ಥೆ ಕಟ್ಟಿದರೆ ಮಾತ್ರ ಸಮಾಜವಾದ, ಮಾರುಕಟ್ಟೆಗಳ ಬೆರಕೆ ಬಾಳುತ್ತದೆ. ಸ್ಪೇನಿನ ಬಾಸ್ಕ್ ನಾಡಿನ ಮೊಂಡ್ರಾಗಾನ್ ಸಹಕಾರಿಗಳನ್ನು ನೋಡಿ. 1956ರಲ್ಲಿ ಒಬ್ಬ ಪಾದ್ರಿಯ ಶಿಷ್ಯರು ಶುರು ಮಾಡಿದ್ದು. ಸದಸ್ಯ ತನ್ನ ಬಂಡವಾಳ ಹಾಕಿ ಸೇರುತ್ತಾನೆ, ಲಾಭದ ಪಾಲು ಅವನ ಹೆಸರಿನ ಖಾತೆಯಲ್ಲಿ ಜಮೆಯಾಗುತ್ತದೆ, ನಿವೃತ್ತಿಯಾದಾಗ ಕೈಗೆ ಬರುತ್ತದೆ. ಯುಗೊಸ್ಲಾವಿಯದಲ್ಲಿ ಇಲ್ಲದಿದ್ದದ್ದು ಇದೇ. ಆ ಮೊದಲ ಸಹಕಾರಿಯಿಂದಲೇ ಬೆಳೆದ ಗೃಹೋಪಕರಣ ಸಂಸ್ಥೆ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಉಳಿದ ಸಹಕಾರಿಗಳು ಅಷ್ಟು ದಿನ ನೆರವು ಕೊಟ್ಟು, ಕೊನೆಗೆ ಇನ್ನು ಕೊಡೆವು ಎಂದವು. ಆದರೆ ಅಲ್ಲಿನ ಸದಸ್ಯರಲ್ಲಿ ಬಹಳಷ್ಟು ಮಂದಿಗೆ ತಮ್ಮಲ್ಲೇ ಕೆಲಸ ಕೊಟ್ಟವು, ಕೆಲವರನ್ನು ಬೇಗ ನಿವೃತ್ತಿಗೊಳಿಸಿದವು. ಅದೇ ಫಾಗೋರ್‌ನ ಪೋಲೆಂಡ್ ಕಾರ್ಖಾನೆಯವರು ಸದಸ್ಯರಲ್ಲ, ಬರೀ ಕೂಲಿಯವರು. ಅವರಿಗೆ ಈ ರಕ್ಷಣೆ ಸಿಗಲಿಲ್ಲ. ಈ ಲೋಪವನ್ನು ನಾನು ಕ್ಷಮಿಸಲಾರೆ.

ಪ್ರಶ್ನೆ: ಚೀನಾ ಎರಡನ್ನೂ ಬೆರೆಸಿ ಗೆದ್ದಿಲ್ಲವೇ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಮಾರುಕಟ್ಟೆಯನ್ನು ಗೆದ್ದಿದೆ. 1978ರ ಕೊನೆಯಲ್ಲಿ ಆನ್‌ಹುಯಿ ಪ್ರಾಂತ್ಯದ ಶಿಯಾವೊಗಾಂಗ್ ಹಳ್ಳಿಯ 18 ಮಂದಿ ರೈತರು ಸಾಮೂಹಿಕ ಜಮೀನು ಮನೆಮನೆಗೆ ಹಂಚಿಕೊಳ್ಳುವ ಗುಟ್ಟಿನ ಕರಾರಿಗೆ ಹೆಬ್ಬೆಟ್ಟು ಒತ್ತಿದರು. ಇಂಥ ಪ್ರಯೋಗಗಳಿಗೆ ಆಮೇಲೆ ಸರ್ಕಾರವೇ ಒಪ್ಪಿಗೆ ಕೊಟ್ಟಿತು. 1992ರಲ್ಲಿ ಕಮ್ಯುನಿಸ್ಟ್ ಪಕ್ಷ 'ಸಮಾಜವಾದಿ ಮಾರುಕಟ್ಟೆ ಅರ್ಥವ್ಯವಸ್ಥೆ' ಎಂದು ಘೋಷಿಸಿತು. ದೊಡ್ಡ ಬ್ಯಾಂಕುಗಳು ಇಂದಿಗೂ ಸರ್ಕಾರದ್ದೇ. ಆದರೆ 1990ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳಿಂದ ಕೋಟಿಗಟ್ಟಲೆ ಕಾರ್ಮಿಕರನ್ನು ಹೊರಗೆ ಕಳಿಸಿದಾಗ ಅವರ ಪರ ನಿಲ್ಲಲು ಒಂದು ಸ್ವತಂತ್ರ ಸಂಘವೂ ಇರಲಿಲ್ಲ. ದುಡಿಯುವವನಿಗೆ ಬಾಯಿಲ್ಲದ ಕಡೆ ಸಮಾಜವಾದವಿದೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಕಾರ್ಮಿಕರೇ ನಡೆಸುವ ಸಂಸ್ಥೆ ಯಾವುದಾದರೂ ಇದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಊರಲ್ಲೇ ಇದೆ, ಇಂಡಿಯನ್ ಕಾಫಿ ಹೌಸ್. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ಬಿಟ್ಟಾಗ, ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿದರು. ಅವುಗಳಲ್ಲಿ ಮೊದಲನೆಯದು ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಪಕ್ಕದ ಹೋಟೆಲಿನ ಜೊತೆ ಪೈಪೋಟಿ ಮಾಡಿಕೊಂಡೇ ಇಷ್ಟು ವರ್ಷ ಬಾಳಿದೆ. 2009ರಲ್ಲಿ ಎಂ.ಜಿ. ರಸ್ತೆಯ ಬಾಡಿಗೆ ಕಟ್ಟಡ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಹೋಯಿತು. ಕಾಫಿಯ ರುಚಿಯಾಗಲಿ ಗಿರಾಕಿಯಾಗಲಿ ಕಡಿಮೆಯಾಗಿ ಆ ಜಾಗ ಹೋಗಲಿಲ್ಲ, ಕಟ್ಟಡ ತಮ್ಮದಲ್ಲದ್ದರಿಂದ ಹೋಯಿತು. ಮೊಂಡ್ರಾಗಾನ್‌ನವರು ಶುರುವಾದ ಮೂರೇ ವರ್ಷಕ್ಕೆ, 1959ರಲ್ಲಿ, ತಮ್ಮದೇ ಬ್ಯಾಂಕ್ ತೆರೆದುಕೊಂಡಿದ್ದರು. ನಮ್ಮ ಕಾರ್ಮಿಕ ಸಹಕಾರಿಗಳಿಗೆ ಕಟ್ಟಡಕ್ಕೆ, ಯಂತ್ರಕ್ಕೆ ದೀರ್ಘಾವಧಿ ಸಾಲ ಕೊಡುವ ಒಂದು ಪ್ರತ್ಯೇಕ ವಿಭಾಗ ಸಹಕಾರಿ ಬ್ಯಾಂಕುಗಳಲ್ಲಿ ಬೇಕೆಂದು ನಾನು ಸೇವೆಯಲ್ಲಿದ್ದಾಗಲೂ ಕೇಳುತ್ತಿದ್ದೆ, ಈಗಲೂ ಕೇಳುತ್ತೇನೆ.