ಸರಬರಾಜುದಾರನಲ್ಲಿ ರಾಜ ಇಲ್ಲ

ಕರಾರು ಪತ್ರದಲ್ಲಿ ಬರೆಯೋಕೆ ಹೊರಟಿರೋ ‘ಸರಬರಾಜುದಾರ’ ಪದ ಎಲ್ಲಿಂದ ಬಂತು ಅಂತ ಕೇಳಿದೀರ. ಅದ್ರಲ್ಲಿ ರಾಜು ಅಂತ ಕಂಡಿದ್ದಕ್ಕೆ ನೀವು ಸಂಸ್ಕೃತದ ರಾಜನ್ನ ಹುಡುಕ್ತಿದೀರ ಅನ್ಸುತ್ತೆ, ಎಡವಟ್ಟಾಗಿರೋದು ಅಲ್ಲೇ. ಮೊದ್ಲು ಕೊನೇ ‘ದಾರ’ ತೆಗೀರಿ, ಅದು ಪಾರ್ಸಿ ಪ್ರತ್ಯಯ, ಇಟ್ಕೊಂಡಿರೋನು ಅಂತ ಅರ್ಥ, ಜಮೀನ್ದಾರ, ಪಾಲುದಾರ ಎಲ್ಲದ್ರಲ್ಲೂ ಇರೋದು ಇದೇ. ಉಳಿದ ‘ಸರಬರಾಜು’ ಕೂಡ ಪಾರ್ಸಿಯ ‘ಸರ್‌ಬರಾಹ್’ ಕಡೆಯಿಂದ ಬಂದಿದ್ದು, ಸರ್ ಅಂದ್ರೆ ತಲೆ, ರಾಹ್ ಅಂದ್ರೆ ದಾರಿ, ವ್ಯವಸ್ಥೆ ನೋಡ್ಕೊಳ್ಳೋನು ಅನ್ನೋ ಅರ್ಥದಿಂದ ಬೇಕಾದ್ದನ್ನ ಒದಗಿಸೋದು ಅನ್ನೋ ಕಡೆಗೆ ವಾಲಿದೆ. ‘ಪೂರೈಕೆದಾರ’ ಅಂದ್ರೂ ಅದೇ, ಆದ್ರೆ ಪೂರೈಕೆಯ ಮೂಲ ಸಂಸ್ಕೃತದ ‘ಪೂರ’, ಬಾಲ ಮಾತ್ರ ಪಾರ್ಸಿದು (ಮಜವಾದ ಜೋಡಿ). ನಿಮ್ಮ ಕರಾರು ಪತ್ರದಲ್ಲಿ ಎರಡ್ರಲ್ಲಿ ಒಂದನ್ನ ಆರಿಸ್ಕೊಂಡು ಕೊನೆತನಕ ಅದನ್ನೇ ಬಳಸಿ, ‘ಗುತ್ತಿಗೆದಾರ’ ಮಾತ್ರ ಹಾಕ್ಬೇಡಿ, ಅದು ಕೆಲಸ ಮಾಡಿಕೊಡೋಕೆ ಒಪ್ಕೊಂಡೋನು.